ಅಡ್ಡ ಬಂದ ನಾಯಿ

ನಮ್ಮ ಹೈಸ್ಕೂಲಿನ ಚಿತ್ರಕಲೆಯ ಮಾಸ್ತರು ಈ ವರ್ಷ ನಿವೃತ್ತರಾದರು. ಬೀಳ್ಕೊಡುವ ದಿನ ಅವರ ಬಗ್ಗೆ ಮಾತನಾಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಕನ್ನಡ ಕಲಿಸುವವನಿಗೆ ಇದು ತಪ್ಪಿದ್ದಲ್ಲ. ಊರಲ್ಲಿ ಯಾರೇ ನಿವೃತ್ತರಾಗಲಿ, ಯಾರೇ ತೀರಿಕೊಳ್ಳಲಿ, ಮೈಕು ಬಂದು ನಿಲ್ಲುವುದು ನನ್ನ ಮುಂದೆಯೇ. ಆ ದಿನವೂ ನಿಂತಿತು. ಸರಳ ಜೀವಿ ಎಂದೆ, ಸಜ್ಜನ ಎಂದೆ, ಮಕ್ಕಳೇ ಅವರ ಆಸ್ತಿ ಎಂದೆ. ಸಭೆ ಚಪ್ಪಾಳೆ ತಟ್ಟಿತು. ಮಾಸ್ತರು ಕೊರಳಲ್ಲಿ ಹಾರ ಹಾಕಿಕೊಂಡು, ಎರಡು ಮೊಣಕಾಲುಗಳ ನಡುವೆ ಊರುಗೋಲು ಹಿಡಿದುಕೊಂಡು ಪೂರ್ತಿ ಕೇಳಿದರು. ಕೆಳಗಿಳಿದು ಬಂದಾಗ ನನ್ನ ಕೈ ಹಿಡಿದುಕೊಂಡು ಹೇಳಿದರು:

“ಅಗದಿ ಚಲೋ ಮಾತಾಡಿದ್ರಿ ಸರ್. ಯಾರ ಬಗ್ಗೆ ಅಂತ ಅಷ್ಟ ತಿಳೀಲಿಲ್ಲ.”

ಅವರು ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಬಂದವನು ಇದನ್ನು ಬರೆಯಲು ಕೂತೆ. ಆ ಊರುಗೋಲಿನ ಬಗ್ಗೆ ನಾನು ಒಂದು ಮಾತನ್ನೂ ಆಡಿರಲಿಲ್ಲ. ಸಭೆಯಲ್ಲಿ ಕೂತ ಎಲ್ಲರಿಗೂ ಆ ಊರುಗೋಲು ಯಾಕೆ ಬಂತೆಂದು ಗೊತ್ತಿತ್ತು. ಗೊತ್ತಿದ್ದೇ ಚಪ್ಪಾಳೆ ತಟ್ಟಿದ್ದರು. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ನಮ್ಮ ಹೆಸರುಗಳನ್ನು ಮುಚ್ಚಿಟ್ಟು ಅವರದೊಂದನ್ನೇ ಬರೆಯುವುದು ಚೆಂದವಲ್ಲ.

ಮಾಸ್ತರು ಸಣಕಲು ಆಳು. ಮೂಗು ಮಾತ್ರ ದೊಡ್ಡದು. ಸೈಕಲ್ ಚೈನಿಗೆ ಸಿಕ್ಕಬಾರದೆಂದು ಪ್ಯಾಂಟಿನ ಬಲಗಾಲನ್ನು ಕಾಲುಚೀಲದೊಳಗೆ ತುರುಕಿಕೊಂಡು ಬರುತ್ತಿದ್ದರು. ಶಾಲೆ ಮುಟ್ಟಿದ ಮೇಲೆ ಅದನ್ನು ಹೊರಗೆ ಎಳೆದುಕೊಳ್ಳುವ ನೆನಪು ಇರುತ್ತಿರಲಿಲ್ಲ. ಹೀಗಾಗಿ ಇಡೀ ದಿನ ಒಂದು ಕಾಲು ಶಾಲೆಯಲ್ಲಿ, ಒಂದು ಕಾಲು ಸೈಕಲ್ಲಿನ ಮೇಲೆ ಇದ್ದಂತೆ ಓಡಾಡುವರು. ಯಾರಾದರೂ ಹೇಳಿದರೆ “ಇರವಲ್ಲದ್ಯಾಕ, ಸಂಜಿಗೆ ಮತ್ತ ಹೋಗೂದ ಐತೆಲ್ಲ” ಎಂದುಬಿಡುವರು. ಸಿಟ್ಟು ಮೂಗಿನ ತುದಿಯಲ್ಲಿ. ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗಾಗಿ ಜಗಳ, ಚಾದಲ್ಲಿ ಸಕ್ಕರೆ ಹೆಚ್ಚಾಯಿತೆಂದು ಜಗಳ, ಬೋರ್ಡಿನ ಮೇಲೆ ಬರೆಯುವ ಬಣ್ಣದ ಖಡುವನ್ನು ಗಣಿತದವರು ಒಯ್ದರೆಂದು ಜಗಳ. ಹಾಗಂತ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುತ್ತಿರಲಿಲ್ಲ. ಬೆಳಿಗ್ಗೆ ಜಗಳಾಡಿದವನಿಗೇ ಮಧ್ಯಾಹ್ನ ತಮ್ಮ ಡಬ್ಬಿಯ ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿ ಹಂಚುವರು.

ಅವರ ದೊಡ್ಡ ಜಗಳ ಮಾತ್ರ ರಸ್ತೆಯ ಜೊತೆಗಿತ್ತು.

ನಮ್ಮ ಊರು ಅಣ್ಣಿಗೇರಿ ಸೀಮೆಯದು. ಎರೆಭೂಮಿ. ಊರು ರಸ್ತೆಯ ಒಂದು ಬದಿಗೆ, ಹೈಸ್ಕೂಲು ಇನ್ನೊಂದು ಬದಿಗೆ. ಮಾಸ್ತರ ಮನೆ ಇರುವುದು ಪಕ್ಕದ ಹಳ್ಳಿಯಲ್ಲಿ, ಮತ್ತು ಆ ಹಳ್ಳಿಯ ಹುಡುಗರು ಹುಡುಗಿಯರೆಲ್ಲ ಇದೇ ರಸ್ತೆಯ ಮೇಲೆ ಸೈಕಲ್ ತುಳಿದುಕೊಂಡೋ ನಡೆದುಕೊಂಡೋ ನಮ್ಮ ಶಾಲೆಗೆ ಬರಬೇಕು. ಹಿಂದೆ ರಸ್ತೆ ಇಕ್ಕಟ್ಟಾಗಿತ್ತು, ಗುಂಡಿ ಬಿದ್ದಿತ್ತು, ಗಾಡಿಗಳು ಎತ್ತಿನ ಬಂಡಿಯ ಹಿಂದೆ ಸಾವಕಾಶ ಬರುತ್ತಿದ್ದವು. ಆಮೇಲೆ ಅದನ್ನು ಅಗಲ ಮಾಡಿ, ಕನ್ನಡಿಯ ಹಾಗೆ ಡಾಂಬರು ಹಾಕಿದರು. ನಾವೆಲ್ಲ ಹಿಗ್ಗಿದೆವು. ಹುಬ್ಬಳ್ಳಿ ಹತ್ತಿರವಾಯಿತು ಎಂದೆವು. ಹತ್ತಿರವಾದದ್ದು ಗಾಡಿ ಇದ್ದವರಿಗೆ. ಉಳಿದವರಿಗೆ ಎದುರಿಗಿನ ಕಿರಾಣಿ ಅಂಗಡಿಯೂ ದೂರವಾಯಿತು.

ಎರೆಭೂಮಿಯ ಸಂಗತಿ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ರಸ್ತೆಯ ಅಂಚು ಬಿರುಕು ಬಿಟ್ಟು ಚಕ್ರ ನುಂಗುತ್ತದೆ. ಒಂದು ಮಳೆ ಬಿದ್ದರೆ ಸಾಕು, ಅಂಚಿನ ಮಣ್ಣು ಅಂಟಿನ ಹಾಗಾಗುತ್ತದೆ. ಡಾಂಬರಿನಿಂದ ಸೈಕಲ್ ಕೆಳಗಿಳಿಸಿದರೆ ನಾಲ್ಕು ಮಾರು ಹೋಗುವುದರಲ್ಲಿ ಮಡ್‌ಗಾರ್ಡಿನ ಒಳಗೆ ಮಣ್ಣು ತುಂಬಿ ಚಕ್ರ ನಿಂತುಬಿಡುತ್ತದೆ. ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಸುಗ್ಗಿಯಲ್ಲಿ ಅಂಚು ಒಣಗಿರುತ್ತದೆ, ಆದರೆ ಆಗ ಡಾಂಬರಿನ ಅರ್ಧದ ತನಕ ನಾವೇ ಹೆಸರು, ಜೋಳ, ಕಡಲೆ ಹರವಿ ಸುತ್ತ ಕಲ್ಲು ಇಟ್ಟಿರುತ್ತೇವೆ. ಹೀಗಾಗಿ ನಡೆಯುವವರಿಗೆ, ಸೈಕಲ್ಲಿನವರಿಗೆ ನಮ್ಮಲ್ಲಿ ಬದಿ ಎಂಬುದೇ ಇಲ್ಲ. ಹಿಂದಿನಿಂದ ಹಾರ್ನು ಹೊಡೆದು “ಬಾಜೂಕ ಸರೀರಿ” ಎನ್ನುವವರು ಬಾಜೂಕ ಏನಿದೆ ಎಂದು ನೋಡುವುದಿಲ್ಲ.

ಮಾಸ್ತರು ಸರಿಯುತ್ತಿರಲಿಲ್ಲ. “ಬಾಜೂಕ ಸರಿ ಅನ್ನಾಕ ನಾ ಏನ ದಾರ್ಯಾಗಿನ ಶೆಗಣಿ ಏನ್ರಿ?” ಎನ್ನುವರು. ಒಮ್ಮೆ ಟೆಂಪೋದವನೊಬ್ಬ ಹಾರ್ನು ಹೊಡೆದು ಹೊಡೆದು ಬೇಸತ್ತು, ಅವರ ಪಕ್ಕಕ್ಕೇ ಗಾಡಿ ತಂದು ತಲೆ ಹೊರಗೆ ಹಾಕಿ ಕೂಗಿದ: “ಏ ಅಜ್ಜಾ, ಸಾಯಾಕ ಹೊಂಟೀ ಏನ?”

ಮಾಸ್ತರು ಪೆಡಲ್ ತುಳಿಯುತ್ತಲೇ ಅವನ ಕಡೆ ನೋಡಿ ಹೇಳಿದರು: “ಇಲ್ಲಪಾ, ಸಾಲಿಗೆ ಹೊಂಟೇನಿ. ನೀ ಎಲ್ಲಿಗೆ ಹೊಂಟೀ?”

ಟೆಂಪೋದವನು “ಗದಗಿಗೆ” ಎಂದನಂತೆ. ಈ ಕಥೆಯನ್ನು ನಾವು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿಸಿಕೊಂಡು ನಕ್ಕಿದ್ದೇವೋ ಲೆಕ್ಕವಿಲ್ಲ.

ಒಮ್ಮೆ ಅವರು ಒಂದು ಬಕೀಟು ಸುಣ್ಣ, ಒಂದು ಡಬ್ಬಿ ಕೆಮ್ಮಣ್ಣು ಕಲಸಿಕೊಂಡು ನಸುಕಿನಲ್ಲೇ ಬಂದು ಶಾಲೆಯ ಮುಂದಿನ ಡಾಂಬರಿನ ಮೇಲೆ ತಾವೇ ಪಟ್ಟಿ ಬಳಿದರು. ಮಕ್ಕಳು ದಾಟುವ ಜಾಗ ಇದು ಎಂದು ಗಾಡಿಯವರಿಗೆ ಗೊತ್ತಾಗಲಿ ಎಂಬುದು ಉದ್ದೇಶ. ಅವತ್ತು ಅಮಾವಾಸ್ಯೆ ಎಂಬುದನ್ನು ನೋಡಿರಲಿಲ್ಲ. ಹೊತ್ತು ಮೂಡುವ ಹೊತ್ತಿಗೆ ಬಂದ ಲಾರಿಯವರು ರಸ್ತೆಯ ಮೇಲೆ ಬಿಳಿ ಕೆಂಪು ಪಟ್ಟಿ ಕಂಡು, ಯಾರೋ ಮಾಟ ಮಾಡಿಸಿದ್ದಾರೆಂದು ಗಕ್ಕನೆ ನಿಂತುಬಿಟ್ಟರು. ಒಬ್ಬ ಇಳಿದು ನಿಂಬೆಹಣ್ಣು ಕೊಯ್ದು ಚಕ್ರದ ಕೆಳಗಿಟ್ಟು ಮುಂದೆ ಹೋದ. ಇನ್ನೊಬ್ಬ ಕಾಯಿ ಒಡೆದ. ಮಧ್ಯಾಹ್ನದ ಹೊತ್ತಿಗೆ ಆ ಪಟ್ಟಿಯ ಮೇಲೆ ಕುಂಕುಮ, ಹೂವು ಎಲ್ಲ ಬಿದ್ದಿದ್ದವು. ಹೆಡ್‌ಮಾಸ್ತರು ತಲೆ ಚಚ್ಚಿಕೊಂಡರೆ, ಇವರು ಗೇಟಿನಲ್ಲಿ ನಿಂತು ಖುಷಿಪಡುತ್ತಿದ್ದರು. “ಹೆದರಿಯರೆ ನಿಂತರಲ್ಲ ಸರ್, ಅಷ್ಟ ಸಾಕು.” ವಾರದೊಳಗೆ ಮಳೆ ಬಂದು ಪಟ್ಟಿ ತೊಳೆದುಹೋಯಿತು. ಗಾಡಿಗಳು ಮತ್ತೆ ಮೊದಲಿನಂತೆ ಓಡತೊಡಗಿದವು.

ಹೊಸದಾಗಿ ಎಂಟನೆಯ ಇಯತ್ತೆಗೆ ಬಂದ ಮಕ್ಕಳಿಗೆ ಅವರು ಮೊದಲು ತೆಗೆಯಲು ಹೇಳುತ್ತಿದ್ದ ಚಿತ್ರ ‘ನಾನು ಶಾಲೆಗೆ ಬರುವ ದಾರಿ’. ನಾನೊಮ್ಮೆ ಏನೋ ಕೇಳಲು ಅವರ ತರಗತಿಗೆ ಹೋದಾಗ ಒಬ್ಬ ಹುಡುಗಿಯ ಹಾಳೆ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಹಾಳೆಯ ತುಂಬ ಒಂದು ಲಾರಿ, ಒಂದು ಬಸ್ಸು, ಎರಡು ಕಾರು. ಎಲ್ಲದಕ್ಕೂ ಬಣ್ಣ ತುಂಬಿದ್ದಳು. ಮಾಸ್ತರು ಕೇಳಿದರು: “ಇದರಾಗ ನೀ ಎಲ್ಲಿ ಅದಿ ಬೇ?”

ಹುಡುಗಿ ಹಾಳೆಯ ಮೂಲೆಯಲ್ಲಿ ಬೆರಳಿಟ್ಟು ತೋರಿಸಿದಳು. ಇರುವೆಯಷ್ಟು ಗಾತ್ರದ ಸೈಕಲ್ಲು, ಅದರ ಮೇಲೆ ಒಂದು ಚುಕ್ಕಿ.

“ಇಷ್ಟ ಸಣ್ಣಾಕಿ ಅದಿ ಏನ ನೀ? ಅಳಿಸು. ಲಾರಿನ ಸಣ್ಣದು ಮಾಡು, ನಿನ್ನ ದೊಡ್ಡಾಕಿನ ಮಾಡು. ಜಡಿ ಕಾಣಬೇಕು, ಜಡ್ಯಾಗಿನ ರಿಬ್ಬನ್ ಕಾಣಬೇಕು.”

ಹುಡುಗಿ ಅನುಮಾನದಿಂದ “ಲಾರಿ ದೊಡ್ಡದ ಇರತೈತೆಲ್ರಿ ಸರ್” ಎಂದಳು.

“ಇರಲಿ ತಗೊ. ಹಾಳಿ ನಿಂದ ಐತಿ.”

ನಾನು ಸಾಲ ಮಾಡಿ ಕಾರು ತಂದಾಗ ಸಹೋದ್ಯೋಗಿಗಳೆಲ್ಲ ಬಂದು ಬಣ್ಣ ಹೊಗಳಿ, ಪೇಢೆ ತಿಂದು ಹೋದರು. ಮಾಸ್ತರು ಮಾತ್ರ ನನ್ನನ್ನು ಒಳಗೆ ಕೂರಿಸಿ, ತಮ್ಮ ಸೈಕಲ್ ತಂದು ಕಾರಿನ ಎಡಕ್ಕೆ, ಹಿಂದಕ್ಕೆ, ಮುಂದಕ್ಕೆ ನಿಲ್ಲಿಸಿ “ಈಗ ಕಾಣಸ್ತೇನ್ರಿ? ಈಗ?” ಎಂದು ಕೇಳುತ್ತ ಹೋದರು. ಒಂದು ಕಡೆ ನಿಂತಾಗ ಅವರು ಕನ್ನಡಿಯಲ್ಲೂ ಕಾಣಲಿಲ್ಲ, ಕಿಟಕಿಯಲ್ಲೂ ಕಾಣಲಿಲ್ಲ. ಇಲ್ಲ ಎಂದೆ. “ಹಂಗಾರ ಇಲ್ಲಿ ನಾ ಅದೇನಿ ಅಂತ ತಿಳಕೊಂಡ ಹೊಡೀರಿ” ಎಂದು ಪೇಢೆ ಬಾಯಿಗೆ ಹಾಕಿಕೊಂಡರು. ಈಗಲೂ ಎಡಕ್ಕೆ ತಿರುಗಿಸುವಾಗ ನನ್ನ ಕತ್ತು ತಾನಾಗಿಯೇ ಹೊರಳುತ್ತದೆ.

ಅವರಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ತಮ್ಮ ಹಳ್ಳಿಯಿಂದ ಶಾಲೆಯ ತನಕ ಡಾಂಬರಿನ ಪಕ್ಕದಲ್ಲಿ ಗರಸು ಹಾಕಿ ಬಡಿದು ಗಟ್ಟಿ ಮಾಡಿದ ಒಂದು ಅಗಲವಾದ ಬದಿ, ಮಳೆಗಾಲದಲ್ಲೂ ಸೈಕಲ್ ಇಳಿಸಬಹುದಾದಂಥದ್ದು. ಶಾಲೆಯ ಮುಂದೆ ಗಾಡಿಗಳ ಓಟ ತಗ್ಗಿಸುವ ಒಂದು ಹಂಪು. ಇದಕ್ಕಾಗಿ ರಸ್ತೆ ಇಲಾಖೆಗೆ ಅರ್ಜಿ ಬರೆದೇ ಬರೆದರು. ಒಕ್ಕಣೆ ನನ್ನದು, ಅಕ್ಷರ ಅವರದು. ಪ್ರತಿ ಅರ್ಜಿಗೂ ಮಕ್ಕಳ ಚಿತ್ರಗಳನ್ನು ಲಗತ್ತಿಸುವರು. ಉತ್ತರ ಬರುತ್ತಿರಲಿಲ್ಲ. ನಾವು “ಬಿಡ್ರಿ ಮಾಸ್ತರ” ಎಂದರೆ, “ನಿಮಗ ಬಿಡಾಕ ಬರತೈತಿ, ನೀವು ಗಾಡ್ಯಾಗ ಅಡ್ಡಾಡ್ತೀರಿ” ಎನ್ನುವರು. ಆ ಮಾತಿನಲ್ಲಿ ಮುಳ್ಳಿರಲಿಲ್ಲ, ಇದ್ದದ್ದನ್ನು ಹೇಳುತ್ತಿದ್ದರು ಅಷ್ಟೆ.

ಇನ್ನು ಹೋದ ವರ್ಷದ ಪಂಚಮಿಯ ವಿಷಯ.

ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ, ಗಿಡಗಿಡಕ್ಕೆ ಜೋಕಾಲಿ ಬೀಳುತ್ತವೆ, ಮನೆಮನೆಯಲ್ಲಿ ಉಂಡಿ ಕಟ್ಟುತ್ತಾರೆ. ಮದುವೆಯಾದ ಮೊದಲ ವರ್ಷವಂತೂ ಮಗಳ ಜೊತೆಗೆ ಅಳಿಯನಿಗೂ ದೊಡ್ಡ ಮಾನ. ಆ ಸಲ ಊರಿನ ಗೌಡರ ಮಗಳ ಮೊದಲ ಪಂಚಮಿ. ನಮ್ಮ ಶಾಲೆಗೆ ಜಾಗ ಕೊಟ್ಟದ್ದು ಈ ಗೌಡರ ಮನೆತನ. ಗೌಡರು ಒಳ್ಳೆಯವರೇ, ಯಾರ ಮನೆಯ ಕಷ್ಟಕ್ಕೂ ಮೊದಲು ಬಂದು ನಿಲ್ಲುವವರು. ಮಗಳು ನಮ್ಮ ಶಾಲೆಯಲ್ಲೇ ಕಲಿತವಳು, ಮಾಸ್ತರ ಅಚ್ಚುಮೆಚ್ಚಿನ ಶಿಷ್ಯೆ, ಚಿತ್ರ ತೆಗೆಯುವ ಒಳ್ಳೆಯ ಕೈ ಇದ್ದವಳು.

ಹಬ್ಬದ ಮರುದಿನ ಅಳಿಯ ಹೊಸ ಕಾರಿನಲ್ಲಿ ಅತ್ತೆಯ ಮನೆಗೆ ಬರುತ್ತಿದ್ದ. ಜಿಟಿಜಿಟಿ ಮಳೆ. ಮಾಸ್ತರು ಶಾಲೆಗೆ ಬರುತ್ತಿದ್ದರು. ಅವರ ಹಿಂದೆ ನಾಲ್ಕೈದು ಹುಡುಗಿಯರು ಸೈಕಲ್ಲಿನ ಮೇಲೆ ಇದ್ದರು. ಹುಡುಗಿಯರನ್ನು ದಾಟಿದ ಮೇಲೆ ಎದುರಿಗೆ ಲಾರಿ ಬಂದಾಗ ಅಳಿಯ ಕಾರನ್ನು ಎಡಕ್ಕೆ ತೆಗೆದುಕೊಂಡ. ಎಡಕ್ಕೆ ಮಾಸ್ತರು ಇದ್ದರು. ಸೈಕಲ್ ಹೋಗಿ ಕೆಸರಿನಲ್ಲಿ ಬಿತ್ತು, ಮಾಸ್ತರು ಡಾಂಬರಿನ ಮೇಲೆ ಬಿದ್ದರು. ತೊಡೆಯ ಎಲುಬು ಎರಡು ತುಂಡು. ಇದನ್ನು ಕಂಡವರು ಒಬ್ಬಿಬ್ಬರಲ್ಲ. ಶಾಲೆಯ ಹತ್ತಿರದ ಚಾದಂಗಡಿಯವರು ಕಂಡರು, ಹುಡುಗಿಯರು ಕಂಡರು, ಬಸ್ಸಿಗೆ ನಿಂತ ಹೆಣ್ಣುಮಕ್ಕಳು ಕಂಡರು. ಅಳಿಯನೂ ಓಡಿಹೋಗಲಿಲ್ಲ. ಅದೇ ಕಾರಿನಲ್ಲಿ ಅವರನ್ನು ಮಲಗಿಸಿಕೊಂಡು ಹುಬ್ಬಳ್ಳಿಯ ದವಾಖಾನೆಗೆ ಒಯ್ದ. ದಾರಿಯುದ್ದಕ್ಕೂ ಅಳುತ್ತಿದ್ದನಂತೆ.

ಮೊದಲ ಪಂಚಮಿಗೆ ಬಂದ ಅಳಿಯನ ಮೇಲೆ ಪೊಲೀಸ್ ಕೇಸು ಎಂದರೆ ನಮ್ಮಲ್ಲಿ ಅದು ಅಳಿಯನೊಬ್ಬನಿಗೆ ಮುಗಿಯುವ ಮಾತಲ್ಲ. ಒಬ್ಬರ ಮನೆಯ ಅಳಿಯ ಊರಿಗೇ ಅಳಿಯ. ಅವನನ್ನು ಠಾಣೆಯ ಕಟ್ಟೆ ಹತ್ತಿಸಿದರೆ ನಾಳೆ ಆ ಹುಡುಗಿ ಗಂಡನ ಮನೆಯಲ್ಲಿ ಹೇಗೆ ತಲೆ ಎತ್ತುತ್ತಾಳೆ? ಸಂಜೆಯೊಳಗೆ ಊರೆಲ್ಲ ಒಂದು ಮಾತಿಗೆ ಬಂದಿತ್ತು. ಯಾರೂ ಯಾರನ್ನೂ ಹೆದರಿಸಲಿಲ್ಲ. ಅದರ ಅಗತ್ಯವೇ ಬೀಳಲಿಲ್ಲ. ಎಲ್ಲರಿಗೂ ಅದೇ ಸರಿ ಅನ್ನಿಸಿತು, ನನಗೂ ಅನ್ನಿಸಿತು.

ಮರುದಿನ ದವಾಖಾನೆಗೆ ಹೋದವರು ಗೌಡರು, ಹೆಡ್‌ಮಾಸ್ತರು, ನಾನು. ಗೌಡರ ಕಾರಿನಲ್ಲಿ ಹೋದೆವು. ನನ್ನ ಮಡಿಲಲ್ಲಿ ಉಂಡಿಯ ಡಬ್ಬಿ. ದಾರಿಯಲ್ಲಿ ಗೌಡರ ಡ್ರೈವರ್ ಸೈಕಲ್ಲಿನವನೊಬ್ಬನಿಗೆ ಹಾರ್ನು ಹೊಡೆದು ಹೊಡೆದು ಕೆಸರಿಗಿಳಿಸಿದ. ನಾವು ಮೂವರೂ ನೋಡಿದೆವು. ಮೂವರೂ ಹೋಗುತ್ತಿದ್ದದ್ದು ಎಲ್ಲಿಗೆ ಎಂದು ಗೊತ್ತಿದ್ದೂ ಯಾರೂ ಬಾಯಿ ಬಿಡಲಿಲ್ಲ.

ಮಾಸ್ತರು ಮಲಗಿದ್ದರು, ಕಾಲಿಗೆ ಭಾರ ಕಟ್ಟಿದ್ದರು. ಅವರ ಹೆಂಡತಿ ನಮ್ಮನ್ನು ಕಂಡು ಎದ್ದು ನಿಂತು ಸೆರಗು ಸರಿಮಾಡಿಕೊಂಡು ಹೊರಗೆ ಹೋದರು. ಗೌಡರು ಮಾಸ್ತರ ಕೈ ಹಿಡಿದುಕೊಂಡು ಅತ್ತರು. ಅದು ಸುಳ್ಳು ಅಳು ಅಲ್ಲ.

“ಮಾಸ್ತರ್ರ, ದವಾಖಾನಿದೆಲ್ಲಾ ನಂದು. ನಿಮ್ಮನ್ನ ನಡಸಿನ ಮನಿಗೆ ಕರಕೊಂಡ ಹೋಗಾಂವ. ಆದರ ಪೊಲೀಸ್ ಜಮಾದಾರ ಹೇಳಿಕಿ ತಗೊಳ್ಳಾಕ ಬರ್ತಾನ. ನೀವು ಏನ ಹೇಳ್ತೀರೋ ಅದರ ಮ್ಯಾಲೆ ಹುಡುಗಿ ಬಾಳೇ ನಿಂತೈತ್ರಿ.”

ಮಾಸ್ತರು ನನ್ನ ಕಡೆ ನೋಡಿದರು. ನಾನು ಹೇಳಿದೆ: “ನಿಮ್ಮ ಕೈಯಾಗ ಕಲತಾಕಿ ಸರ್, ಆಕಿ.”

ಅಷ್ಟೇ ಹೇಳಿದ್ದು. ಆದರೆ ಅಷ್ಟು ಹೇಳಲಿಕ್ಕೇ ನನ್ನನ್ನು ಕರೆದುಕೊಂಡು ಹೋಗಿದ್ದರು, ಮತ್ತು ಅದು ನನಗೆ ಗೊತ್ತಿತ್ತು.

ಮಾಸ್ತರು ಕಣ್ಣನ್ನು ಮೇಲಿನ ಫ್ಯಾನಿನ ಕಡೆ ತಿರುಗಿಸಿದರು. “ಹಂಗಾರ ಏನಂತ ಹೇಳೂಣು?” ಎಂದರು.

ಹೆಡ್‌ಮಾಸ್ತರು ಮೊದಲೇ ಯೋಚಿಸಿಕೊಂಡು ಬಂದಿದ್ದರು. “ನಾಯಿ ಅಡ್ಡ ಬಂತು, ಬ್ರೇಕ್ ಒತ್ತಿದೆ, ಮಳ್ಯಾಗ ಸೈಕಲ್ ಜಾರಿತು ಅನ್ರಿ. ಮುಗದ ಹೋತು.”

“ಯಾವ ಬಣ್ಣದ ನಾಯ್ರಿ?”

ಮಾಸ್ತರು ಮತ್ತೆ ಕೇಳಿದರು: “ಅಲ್ರಿ, ಜಮಾದಾರ ಕೇಳಿದ್ರ ಹೇಳಬೇಕಲ್ಲ. ಚಿತ್ರ ಕಲಸಾಂವ ಬಣ್ಣ ನೋಡಲಿಲ್ಲ ಅಂದ್ರ ಯಾರ ನಂಬ್ತಾರ?”

ಗೌಡರು ಕಣ್ಣೊರೆಸಿಕೊಂಡು “ಕರಿ ನಾಯಿ ಅನ್ರಿ” ಎಂದರು. ಆಗ ನಾವೆಲ್ಲ ನಕ್ಕೆವು. ದೊಡ್ಡ ಹೊರೆ ಇಳಿದ ಮೇಲೆ ಬರುವಂಥ ನಗು. ಕಾಲಿಗೆ ಭಾರ ಕಟ್ಟಿಸಿಕೊಂಡು ಮಲಗಿದವರ ಮಂಚದ ಸುತ್ತ ನಿಂತು ನಾವು ಮೂವರು ದೊಡ್ಡವರು ಕಿಸಿಕಿಸಿ ನಕ್ಕದ್ದನ್ನು, ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನೋಡಿದರು. ಉಂಡಿಯ ಡಬ್ಬಿಯನ್ನು ಅವರು ಮುಟ್ಟಲಿಲ್ಲ. ನಾವೇ ಕಿಟಕಿಯಲ್ಲಿ ಇಟ್ಟು ಬಂದೆವು.

ಹೇಳಿಕೆ ಹಾಗೇ ಆಯಿತು. ನೋಡನೋಡುತ್ತ ಊರಲ್ಲಿ ನಾಯಿಯ ಸುದ್ದಿ ಕಾಲು ಮೂಡಿ ಓಡಾಡತೊಡಗಿತು. ಆ ದಿನ ಕಣ್ಣಾರೆ ಕಾರು ಕಂಡವರೇ “ನಾಯಿ ಕಾಟ ಭಾಳ ಆತ್ರಿ” ಎನ್ನತೊಡಗಿದರು. ಚಾದಂಗಡಿಯ ಮುಂದೆ ಯಾವಾಗಲೂ ಮಲಗಿರುತ್ತಿದ್ದ ಒಂದು ಕರಿ ನಾಯಿಗೆ ಹುಡುಗರು ಕಲ್ಲು ಬೀರಿದರು. ಮಾಸ್ತರು ಕಾರ್ತಿಕದ ಹೊತ್ತಿಗೆ ಊರುಗೋಲು ಊರಿಕೊಂಡು ಶಾಲೆಗೆ ಬರುವಂತಾದಾಗ, ಬಸ್ಸಿಳಿದು ಮೊದಲು ಆ ನಾಯಿಗೆ ತಮ್ಮ ಡಬ್ಬಿಯ ರೊಟ್ಟಿ ಮುರಿದು ಹಾಕುತ್ತಿದ್ದರು. “ಪಾಪ, ಸುಮ್ನ ಇದರ ಹೆಸರ ಕೆಟ್ಟತು ನೋಡ್ರಿ” ಎಂದು ನನಗೆ ಹೇಳಿದರು. ನಾನು ಕೈಗಡಿಯಾರ ನೋಡಿಕೊಂಡು ಒಳಗೆ ಹೋದೆ.

ಸೈಕಲ್ ಮುಗಿದ ಹಾಗಾಯಿತು. ಆದರೆ ಅರ್ಜಿ ಮುಗಿಯಲಿಲ್ಲ. ಮಂಚದ ಮೇಲೆ ಮಲಗಿಯೇ ಇನ್ನೊಂದು ಬರೆದಿದ್ದರು. ಈ ಸಲದ್ದರ ಒಕ್ಕಣೆಯೂ ಅವರದೇ, ನನ್ನನ್ನು ಕೇಳಿರಲಿಲ್ಲ. ಯಾವ ಪುಣ್ಯಾತ್ಮರ ಮೇಜಿನ ಮೇಲೆ ಅದು ಬಿತ್ತೋ, ಆ ಮಕ್ಕಳ ಚಿತ್ರಗಳಲ್ಲಿ ಏನು ಕಂಡರೋ, ಕಡಲೆ ಕೀಳುವ ಹೊತ್ತಿಗೆ ರಸ್ತೆಯ ಕೆಲಸ ನೋಡುವ ಒಬ್ಬ ಸಾಹೇಬರು ಜೀಪಿನಲ್ಲಿ ಜಾಗ ನೋಡಲು ಬಂದೇಬಿಟ್ಟರು.

ಊರಿಗೆ ಊರೇ ಶಾಲೆಯ ಗೇಟಿನ ಮುಂದೆ ಸೇರಿತು. ಗೌಡರು ಮುಂದೆ ನಿಂತು ಸಾಹೇಬರನ್ನು ಬರಮಾಡಿಕೊಂಡರು. ಮಾಸ್ತರು ಊರುಗೋಲಿನ ಮೇಲೆ ಭಾರ ಹಾಕಿ ನಿಂತು, ಗರಸು ಎಲ್ಲಿಂದ ಎಲ್ಲಿಯ ತನಕ ಬೇಕು, ಹಂಪು ಎಲ್ಲಿ ಬೇಕು ಎಂದು ತೋರಿಸಿದರು. ಅವರ ಮುಖ ಅಷ್ಟು ಬೆಳ್ಳಗೆ ಬೆಳಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಸಾಹೇಬರು ವಯಸ್ಸಿನಲ್ಲಿ ಸಣ್ಣವರು, ಗಂಭೀರವಾಗಿ ಕೇಳಿಸಿಕೊಂಡರು. ಕೊನೆಗೆ ಎಲ್ಲರಿಗೂ ಕೇಳುವಂತೆ ಹೇಳಿದರು:

“ನನಗ ಮಾಡೂ ಮನಸ್ಸೈತ್ರಿ. ಆದರ ಮ್ಯಾಲಿನವರು ಒಂದ ಮಾತ ಕೇಳ್ತಾರ. ಇಲ್ಲಿ ಗಾಡಿ ಬಡದು ಯಾರಿಗರೆ ಪೆಟ್ಟಾಗೇತೇನು ಅಂತ. ಠಾಣ್ಯಾಗ ಕೇಳಿದೆ, ಒಂದೂ ಇಲ್ಲ ಅಂದ್ರು. ನಿಮಗ್ಯಾರಿಗರೆ ಗೊತ್ತಿದ್ರ ಹೇಳ್ರಿ. ಒಂದ ಇದ್ರ ಸಾಕು, ಅದನ್ನ ಹಿಡಕೊಂಡ ನಾ ಮಂಜೂರಿ ಮಾಡಸ್ತೇನಿ.”

ಒಂದಲ್ಲ, ಎಷ್ಟೋ ಇದ್ದವು. ಹಾಲು ಹಾಕಲು ಹೊರಟ ಮುದುಕನ ಕೈ ಮುರಿದಿತ್ತು. ಕಳೆ ತೆಗೆಯಲು ಹೋಗುತ್ತಿದ್ದ ಹೆಣ್ಣುಮಗಳು ಇವತ್ತಿಗೂ ಒಂದು ಕಿವಿ ಕೇಳದೆ ಕೂತಿದ್ದಾಳೆ. ಆದರೆ ಹೊಡೆದವನು ಪ್ರತಿ ಸಲವೂ ಯಾರದೋ ಬೀಗ, ಯಾರದೋ ಸೋದರಳಿಯ, ಯಾರದೋ ಗೆಳೆಯ. ಎಲ್ಲವನ್ನೂ ಕಟ್ಟೆಯ ಮೇಲೆ ಕೂತು ರಾಜಿಯಲ್ಲಿ ಮುಗಿಸಿದ್ದೆವು. ಅದನ್ನೇ ನಾವು ಊರಿನ ಒಗ್ಗಟ್ಟು ಎಂದು ಹೊರಗಿನವರ ಮುಂದೆ ಹೇಳಿಕೊಳ್ಳುತ್ತಿದ್ದೆವು.

ಯಾರೂ ಮಾತಾಡದ್ದನ್ನು ನೋಡಿ ಸಾಹೇಬರ ಕಣ್ಣು ಮಾಸ್ತರ ಊರುಗೋಲಿನ ಮೇಲೆ ಬಿತ್ತು. “ಮಾಸ್ತರ, ನಿಮ್ಮ ಕಾಲಿಗೇನಾತ್ರಿ?”

ಮಾಸ್ತರು ನಮ್ಮ ಕಡೆ ತಿರುಗಿದರು. ಗೌಡರನ್ನು ನೋಡಿದರು, ಹೆಡ್‌ಮಾಸ್ತರರನ್ನು ನೋಡಿದರು, ಚಾದಂಗಡಿಯವರನ್ನು ನೋಡಿದರು, ಅವತ್ತು ಬಸ್ಸಿಗೆ ನಿಂತಿದ್ದ ಆ ಹೆಣ್ಣುಮಕ್ಕಳನ್ನು ನೋಡಿದರು, ನನ್ನನ್ನು ನೋಡಿದರು. ಸಿಟ್ಟಿನಿಂದ ನೋಡಲಿಲ್ಲ. ಪ್ರಶ್ನೆ ಕೇಳಿ, ಉತ್ತರ ಗೊತ್ತಿರುವ ಹುಡುಗ ಕೈ ಎತ್ತಲಿ ಎಂದು ಕಾಯುವ ಹಾಗೆ ಕಾದರು. ಮಾತು ಕೊಟ್ಟವರು ಅವರು, ಅದನ್ನು ಅವರು ಮುರಿಯುವಂತಿರಲಿಲ್ಲ. ಅವರಿಂದ ಮಾತು ತೆಗೆದುಕೊಂಡವರು ನಾವು, ಬಿಡಿಸಬೇಕಾದವರೂ ನಾವೇ. ಯಾರಾದರೂ ಒಬ್ಬರು ‘ಕಾರು’ ಎಂದಿದ್ದರೆ ಸಾಕಿತ್ತು. ನನ್ನ ನಾಲಗೆಯ ತುದಿಗೆ ಬಂದಿತ್ತು ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಬಂದಿರಲಿಲ್ಲ. ನಾನು ಗೌಡರ ಮಗಳ ಬಗ್ಗೆಯೂ ಯೋಚಿಸುತ್ತಿರಲಿಲ್ಲ. ಮಾಸ್ತರು ಬೇಗ ಏನಾದರೂ ಹೇಳಿ ಇದನ್ನು ಮುಗಿಸಲಿ ಎಂದಷ್ಟೇ ಅಂದುಕೊಳ್ಳುತ್ತಿದ್ದೆ.

ಮಾಸ್ತರು ಸಾಹೇಬರ ಕಡೆ ತಿರುಗಿ ಹೇಳಿದರು: “ನಾಯಿ ಅಡ್ಡ ಬಂತ್ರಿ.”

“ನಾಯಿಗೆ ಹಂಪ್ ಹಾಕಾಕ ಬರೂದಿಲ್ಲಲ್ರಿ ಮಾಸ್ತರ,” ಎಂದು ಸಾಹೇಬರು ನಕ್ಕು, ಪೆನ್ನು ಕಿಸೆಯಲ್ಲಿಟ್ಟುಕೊಂಡರು. “ಮುಂದ ನೋಡೂಣು” ಎಂದು ಜೀಪು ಹತ್ತಿದರು.

ಜೀಪು ಹೋದ ಮೇಲೂ ಜನ ಕದಲಲಿಲ್ಲ. ಗೌಡರ ಮನೆಯಲ್ಲಿ ಎಲ್ಲರಿಗೂ ಚಾ, ಅವಲಕ್ಕಿ ಮಾಡಿಸಿದ್ದರು. ಅಲ್ಲಿಗೆ ಹೋಗಲು ರಸ್ತೆ ದಾಟಬೇಕು. ಸಂಜೆಯ ಹೊತ್ತು, ಎರಡೂ ಕಡೆಯಿಂದ ಗಾಡಿಗಳು ಒಂದರ ಬಾಲಕ್ಕೆ ಒಂದು ಬರುತ್ತಿದ್ದವು. ಗೌಡರು ಒಂದು ಹೆಜ್ಜೆ ಮುಂದಿಟ್ಟರು, ಹಾರ್ನು ಕೇಳಿ ಹಿಂದೆ ಬಂದರು. ಹೆಡ್‌ಮಾಸ್ತರು ಪಂಚೆ ಎತ್ತಿ ಹಿಡಿದು ನಿಂತೇ ಇದ್ದರು. ನಾವೆಲ್ಲ ಅಂಚಿನಲ್ಲಿ ಗುಂಪಾಗಿ ನಿಂತುಕೊಂಡು ಎಡಕ್ಕೂ ಬಲಕ್ಕೂ ಕತ್ತು ಹೊರಳಿಸುತ್ತಿದ್ದೆವು.

ಆಗ ಮಾಸ್ತರು ನಮ್ಮ ನಡುವಿನಿಂದ ಹೊರಬಂದು, ಊರುಗೋಲು ಊರುತ್ತ ಡಾಂಬರಿನ ನಡುಮಧ್ಯಕ್ಕೆ ಹೋಗಿ ನಿಂತು ಒಂದು ಕೈ ಮೇಲೆತ್ತಿದರು. ಒಂದು ಲಾರಿ ಕಿರ್ರೆಂದು ನಿಂತಿತು. ಅದರ ಹಿಂದಿನ ಕಾರುಗಳು ನಿಂತವು. ಆ ಕಡೆಯವೂ ನಿಂತವು.

“ಬರ್ರಿ, ದಾಟ್ರಿ,” ಎಂದು ನಮ್ಮನ್ನು ಕರೆದರು. “ಸಾವಕಾಶ ಬರ್ರಿ. ನಾ ನಿಂತೇನಿ.”

ಗೌಡರು ಮೊದಲು ದಾಟಿದರು, ಆಮೇಲೆ ಹೆಡ್‌ಮಾಸ್ತರು, ಆಮೇಲೆ ನಾನು, ಆಮೇಲೆ ಊರು. ಎತ್ತಿದ ಆ ಕೈಯ ಕೆಳಗಿನಿಂದ ನಾವೆಲ್ಲ ತಲೆ ತಗ್ಗಿಸಿಕೊಂಡು ದಾಟಿದೆವು. ಒಬ್ಬರೂ ಅವರ ಮುಖ ನೋಡಲಿಲ್ಲ.